ಪಹಣಿ ತಿದ್ದುವ ಮುನ್ನ ಪರಿಣಾಮ ಪರಿಶೀಲನೆ ಕಡ್ಡಾಯವಾಗಬೇಕೆ?

ಪರ

ನಾಲ್ಕು ಎಕರೆಯ ಒಂದು ಸರ್ವೆ ನಂಬರ್, ಮೂವರು ಅಣ್ಣತಮ್ಮಂದಿರು. ಮೊದಲಿಬ್ಬರಿಗೆ ತಲಾ ಒಂದೂವರೆ ಎಕರೆ, ಕಿರಿಯವನಿಗೆ ಒಂದು ಎಕರೆ. ಜಮೀನಿನ ಹಕ್ಕು ದಾಖಲೆಯಾದ ಪಹಣಿಯಲ್ಲಿ ಕಿರಿಯವನ ಹೆಸರಿನ ಮುಂದೆ 1 ಎಕರೆ 10 ಗುಂಟೆ ಎಂದು ನಮೂದಾಯಿತು ಎಂದುಕೊಳ್ಳಿ. ಆ ದಿನ ಯಾರಿಗೂ ಏನೂ ಆಗುವುದಿಲ್ಲ. ವರ್ಷಗಳ ಬಳಿಕ ಹಿರಿಯಣ್ಣ ಮಗಳ ಮದುವೆಗೆಂದು ತನ್ನ ಪಾಲು ಮಾರಲು ಹೊರಟಾಗ, 3ನೇ ಕಾಲಂನ ಒಟ್ಟು ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರಿಗಿರುವ ಪಾಲುಗಳ ಮೊತ್ತಕ್ಕೂ ತಾಳೆಯಾಗುವುದಿಲ್ಲ. ತಪ್ಪು ಮಾಡದವನ ವ್ಯವಹಾರ ನಿಂತುಹೋಗುತ್ತದೆ.

ಕೈಬರಹದ ಕಾಲದಲ್ಲಿ ಇಂಥ ತಪ್ಪು ಶಾನುಭೋಗರ ಕಡತದೊಳಗೇ ಉಳಿಯುತ್ತಿತ್ತು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಈಗ ಅದೇ ಪಹಣಿಯ ವಿವರ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶಕ್ಕೆ ಹೋಗುತ್ತದೆ. ಅಲ್ಲಿಂದ ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಅದೇ ಆಧಾರ. ಒಂದು ಕಾಲಂ ತಿದ್ದಿದರೆ ಎಷ್ಟು ಕಡೆ ಏನೇನು ಅಲುಗುತ್ತದೆ ಎಂಬುದು ತಿದ್ದುವವರಿಗೆ ಕಾಣುವಂತಿರಬೇಕು. ಕಂದಾಯ ನಿರೀಕ್ಷಕರು ಅನುಮೋದಿಸುವ ಮುನ್ನ ಆ ಸರ್ವೆ ನಂಬರಿನ ಸಹಹಕ್ಕುದಾರರು, 11ನೇ ಕಾಲಂನ ಸಾಲ, ನ್ಯಾಯಾಲಯದ ತಡೆ, ಬಾಕಿ ಇರುವ ಮ್ಯುಟೇಷನ್ (ಹಕ್ಕು ಬದಲಾವಣೆ), ಇವೆಲ್ಲ ಒಂದೇ ಪರದೆಯಲ್ಲಿ ಬರಲಿ. ಬಾಧಿತರಿಗೆಲ್ಲ ಮೊಬೈಲ್ ಸಂದೇಶ ಹೋಗಲಿ. ಚಾವಡಿಯ ಗೋಡೆಗೆ ಅಂಟಿಸಿದ ನೋಟಿಸನ್ನು ಬೆಂಗಳೂರಿನಲ್ಲಿ ದುಡಿಯುವ ತಮ್ಮ ಓದುವುದಾದರೂ ಹೇಗೆ?

ತಪ್ಪಾದ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ನಿಜ. ಆದರೆ ವಕೀಲರ ಶುಲ್ಕ, ಬಸ್ ಖರ್ಚು, ಕಳೆದುಕೊಂಡ ಕೂಲಿ ಎಲ್ಲವೂ ರೈತನ ತಲೆಗೇ ಬರುತ್ತವೆ. ಅದಕ್ಕೇ ಮೊದಲು ನೋಡಿ, ಆಮೇಲೆ ಬರೆಯಿರಿ ಎನ್ನುತ್ತೇನೆ.

ವಿರೋಧ

ಪರಿಶೀಲನೆ ಬೇಡವೆನ್ನುವವರು ಯಾರೂ ಇಲ್ಲ. ಅದನ್ನು ಕಡ್ಡಾಯ ಮಾಡಿದರೆ ಕಡತ ನಿಲ್ಲಲು ಇನ್ನೊಂದು ಮೇಜು ಸಿಗುತ್ತದೆ ಎಂಬುದೇ ನನ್ನ ಭಯ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಮಾತಿನ ತೂಕ ಗೊತ್ತು.

ಪೌತಿ ಖಾತೆಯನ್ನೇ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದನ್ನೇ ನೋಡಿ. ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಗಂಡನನ್ನು ಕಳೆದುಕೊಂಡವಳು ಅದೇ ಹೊಲ ಉಳುತ್ತಾಳೆ. ಖಾತೆ ಬದಲಾಗುವ ತನಕ ಅವಳ ಹೆಸರಿಗೆ ಬೆಳೆ ಸಾಲವಿಲ್ಲ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಇಲ್ಲ. ಬದಲಾವಣೆಯ ಅಪಾಯವನ್ನು ಎಣಿಸುವವರು ಬದಲಾಯಿಸದೆ ಬಿಟ್ಟದ್ದರ ನಷ್ಟವನ್ನು ಎಲ್ಲಿ ಬರೆದಿಡುತ್ತಾರೆ?

ಇನ್ನೊಂದು ಮಾತು. ಪರದೆಗೆ ಗೊತ್ತಿರುವುದು ದಾಖಲೆಯಷ್ಟೇ. ಬಾಯಿಮಾತಿನ ಪಾಲುಪಟ್ಟಿ, ಬದುವಿನ ಒತ್ತುವರಿ, ಮದುವೆಯಾಗಿ ಹೋದ ತಂಗಿಯ ಹಕ್ಕು, ಯಾವುದೂ ಅಲ್ಲಿ ಕಾಣುವುದಿಲ್ಲ. ‘ಪರಿಣಾಮ ಏನೂ ಇಲ್ಲ’ ಎಂದು ಕಂಪ್ಯೂಟರ್ ತೋರಿಸಿದರೆ ಅಧಿಕಾರಿ ಊರಿಗೆ ಬಂದು ವಿಚಾರಿಸುವುದನ್ನೂ ಬಿಟ್ಟಾರು.

ಕೂಡಿಸಿದ ಲೆಕ್ಕ ತಾಳೆಯಾಗದಿದ್ದರೆ ತಂತ್ರಾಂಶವೇ ನಮೂದನ್ನು ತಡೆಯಲಿ, ಅದಕ್ಕೆ ಕ್ಷಣವೂ ಬೇಡ. ಉಳಿದದ್ದಕ್ಕೆ ತಿದ್ದುಪಡಿಯ ದಾರಿಯನ್ನು ಹಗುರ ಮಾಡಿ. ಹಳೆಯ ನಮೂದು ಮ್ಯುಟೇಷನ್ ವಹಿಯಲ್ಲಿ ಇದ್ದೇ ಇರುತ್ತದೆ. ಕಚೇರಿಯ ಕೈತಪ್ಪೆಂದು ಮೇಲ್ನೋಟಕ್ಕೇ ತಿಳಿಯುವುದನ್ನು ತಹಶೀಲ್ದಾರರು ವಾರದೊಳಗೆ, ರೈತನಿಂದ ಅರ್ಜಿಯನ್ನೂ ಕೇಳದೆ ಸರಿಪಡಿಸಲಿ.