ಗೋಣು ಹಿಡಿಯುವ ಮುಂಚೆ ಒಂದು ಮಾತು ಕೇಳಿ

ನಿನ್ನೆ ಭಾನುವಾರ ಕಾಕಾನನ್ನು ಕರಕೊಂಡು ಕಲಬುರಗಿಯ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಕೈರೋಪ್ರಾಕ್ಟಿಕ್ ಶಿಬಿರ ಇತ್ತು, ಅಂದರೆ ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸಿ ನೋವು ಇಳಿಸುವ ಪದ್ಧತಿ. ನಡ ನೋವು, ಗೋಣು ನೋವು, ಮೊಣಕಾಲು ನೋವು, ಏನಿದ್ದರೂ 500 ರೂಪಾಯಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ರಾತ್ರಿ ಹನ್ನೊಂದಕ್ಕೆ ಕೂತು ಬರೆಯುತ್ತಿದ್ದೇನೆ.

ಕಾಕಾ ನಿಮಗೆಲ್ಲ ಗೊತ್ತಲ್ವಾ. ಮೂವತ್ತು ವರ್ಷ ದಾಲ್‌ಮಿಲ್‌ನಲ್ಲಿ ತೊಗರಿ ಚೀಲ ಹೊತ್ತವರು. ಹೋದ ವರ್ಷ ಹಾರ್ಟಿಗೆ ಸ್ಟೆಂಟ್ ಹಾಕಿಸಿದೆವು. ಈಗ ಎರಡು ತಿಂಗಳಿಂದ ನಡ ಹಿಡಿದಿದೆ, ಬಲಗಾಲು ಜೋಮು ಹಿಡಿಯುತ್ತದೆ.

ವೇದಿಕೆ ಮೇಲೆ ಒಂದು ಉದ್ದನೆ ಟೇಬಲ್. ಒಬ್ಬ ಹುಡುಗ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ಟೋಕನ್ ಕೂಗಿದಂತೆ ಜನ ಹೋಗಿ ಮಲಗುವುದು, ಶಿಬಿರ ನಡೆಸುವವರು ಗೋಣು ಹಿಡಿದು ತಿರುಗಿಸುವುದು, ಟಕ್ ಅಂತ ಸದ್ದು, ಕೆಳಗೆ ಕೂತವರು ಚಪ್ಪಾಳೆ. ಒಬ್ಬರಿಗೆ ಎರಡು ನಿಮಿಷವೂ ಇಲ್ಲ. ಹಸಿರು ಸೀರೆ ಉಟ್ಟ ಒಬ್ಬ ಅಜ್ಜಿ ಬಂದರು, ಎಪ್ಪತ್ತು ದಾಟಿರಬೇಕು, ಬೆನ್ನು ಬಿಲ್ಲಿನಂತೆ ಬಾಗಿದೆ. ಅಜ್ಜಿಯ ಎಲುಬು ಎಷ್ಟು ಸವೆದಿದೆ, ಯಾವಾಗಾದರೂ ಬಿದ್ದಿದ್ದರಾ, ಯಾವ ಗುಳಿಗೆ ತಗೋತಾರೆ, ಯಾರೂ ಕೇಳಲಿಲ್ಲ. ಒಂದೇ ಒಂದು ಮಾತು ಕೇಳಲಿಲ್ಲ.

ಕಾಕಾನ ಸರದಿ ಬಂತು. ಹೆಗಲ ಮೇಲಿನ ಟವೆಲ್ ಮಡಚಿ ನನ್ನ ಕೈಗೆ ಕೊಟ್ಟು ಮಲಗಿಬಿಟ್ಟರು. ನಾನೇ ಮುಂದೆ ಹೋಗಿ ಹೇಳಿದೆ, "ಸರ, ಇವರಿಗೆ ಸ್ಟೆಂಟ್ ಹಾಕ್ಯಾರ, ರಕ್ತ ಹೆಪ್ಪುಗಟ್ಟಬಾರದಂತ ಗುಳಿಗಿ ನಡದದ."

"ಏನೂ ಆಗಂಗಿಲ್ರಿ, ಎರಡು ನಿಮಿಷದ ಕೆಲಸ" ಅಂದರು. ಅನ್ನುವಾಗಲೇ ಅವರ ಕೈ ಕಾಕಾನ ಗದ್ದದ ಕೆಳಗೆ ಹೋಗಿತ್ತು. ಕಾಕಾನ ನೋವು ಇರೋದು ನಡದಲ್ಲಿ! ಗೋಣಿಗೆ ಯಾಕೆ ಕೈ? ನಾನು ಕಾಕಾನನ್ನು ಎಬ್ಬಿಸಿಕೊಂಡು ಹೊರಗೆ ಬಂದೆ. "ಎಲ್ಲರ ಮುಂದ ಮಾನ ಕಳದಿ ತಮ್ಮಾ" ಅಂದ ಕಾಕಾ ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ನಾನು ಕೈರೋಪ್ರಾಕ್ಟಿಕ್ ವಿರೋಧಿ ಅಲ್ಲ. ದಿನಾ ಆಳಂದಕ್ಕೆ ಬೈಕ್ ಓಡಿಸಿ ನನ್ನ ನಡ ಕೆಟ್ಟಾಗ ಬೆಂಗಳೂರಿನಲ್ಲಿ ಹೊರದೇಶದಲ್ಲಿ ಕಲಿತು ಬಂದ ಒಬ್ಬರ ಹತ್ತಿರ ಹೋಗಿದ್ದೆ. ಮೊದಲ ದಿನ ಮುಕ್ಕಾಲು ಗಂಟೆ ಬರೀ ಕೇಳಿದರು, ನೋಡಿದರು. ನೋವು ಕಾಲಿಗೆ ಇಳಿಯುತ್ತಾ? ಮೂತ್ರ ಹಿಡಿದುಕೊಳ್ಳಲು ಆಗುತ್ತಾ? ತೊಡೆ ಸಂದಿಯಲ್ಲಿ ಜೋಮು ಇದೆಯಾ? ಜ್ವರ ಬರುತ್ತಾ, ತೂಕ ಇಳಿದಿದೆಯಾ? ಮಲಗಿಸಿ ಒಂದೊಂದೇ ಕಾಲು ಎತ್ತಿ ನೋಡಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಏನು ಮಾಡುತ್ತೇನೆ ಅಂತ ಹೇಳಿ, "ಮಾಡಲಾ?" ಅಂತ ಕೇಳಿ ಕೈ ಹಾಕಿದರು. ಒಂದೆರಡು ದಿನ ಮೈಕೈ ನೋವು ಇರುತ್ತದೆ ಅಂದರು, ಇತ್ತು. ನಾಲ್ಕೈದು ಸಲಕ್ಕೆ ಗುಣ ಕಾಣದಿದ್ದರೆ ಡಾಕ್ಟರಿಗೆ ತೋರಿಸಿ ಅಂತಲೂ ಹೇಳಿದರು. ನನಗೆ ಆರಾಮಾಯಿತು. ಅವರ ಕೈಯಿಂದಲೋ, ಅವರು ಹೇಳಿಕೊಟ್ಟ ವ್ಯಾಯಾಮದಿಂದಲೋ ಖಚಿತವಾಗಿ ಹೇಳಲಾರೆ. ನಡ ನೋವು ಬಹಳ ಜನರಿಗೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತದೆ.

ಆ ಟಕ್ ಸದ್ದಿಗೆ ಜನ ಮರುಳಾಗುತ್ತಾರೆ. ಜಾರಿದ ಎಲುಬು ಜಾಗಕ್ಕೆ ಕೂತ ಸದ್ದಲ್ಲ ಅದು. ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಆಗುವಾಗ ಬರುವ ಸದ್ದು, ಬೆರಳು ನೆಟಿಕೆ ಮುರಿದಾಗ ಬರುತ್ತದಲ್ಲ, ಅದೇ. ಈ ಪದ್ಧತಿ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ. ಡಿ. ಡಿ. ಪಾಮರ್ ಅನ್ನುವವರು ಬೆನ್ನೆಲುಬು ಒತ್ತಿ ಒಬ್ಬ ಕೆಲಸಗಾರನ ಕಿವುಡು ಹೋಗಲಾಡಿಸಿದೆ ಅಂದರು, ಬಹುತೇಕ ಎಲ್ಲ ರೋಗಕ್ಕೂ ಬೆನ್ನೆಲುಬೇ ಮೂಲ ಅಂದರು. ಆ ಮಾತು ವೈದ್ಯವಿಜ್ಞಾನದಲ್ಲಿ ನಿಲ್ಲಲಿಲ್ಲ. ನಡ ನೋವಿನ ಮಟ್ಟಿಗೆ ಮಾತ್ರ ಸ್ವಲ್ಪ ಆಧಾರ ಇದೆ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ಅಲ್ಲಿನ ವೈದ್ಯರ ಸಂಘ ಮಾತ್ರೆಗಿಂತ ಮುಂಚೆ ಮಾಡಿ ನೋಡಬಹುದಾದ ಉಪಾಯಗಳಲ್ಲಿ ಕಾವು, ಮಸಾಜು, ವ್ಯಾಯಾಮದ ಜೊತೆ ಇದನ್ನೂ ಸೇರಿಸಿತು. ಈ ಪದ್ಧತಿಯಿಂದ ಶುಗರ್, ಬಿಪಿ, ಥೈರಾಯ್ಡ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಆ ಮಂಟಪದ ಬ್ಯಾನರಿನಲ್ಲಿ ಮೂರೂ ಇದ್ದವು.

"ನಮ್ಮ ಕಡೆ ಎಲುಬು ಕಟ್ಟುವವರು ಮೊದಲಿಂದ ಇದ್ದಾರೆ, ಯಾರು ಸತ್ತರು?" ಅಂತ ಗೆಳೆಯನೊಬ್ಬ ಕೇಳಿದ. ಆರಾಮಾದವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಕಾಲಿನ ಶಕ್ತಿ ಹೋದವರು ಮನೆಯಲ್ಲಿ ಮಲಗಿರುತ್ತಾರೆ, ಅವರ ಲೆಕ್ಕ ಯಾರಿಟ್ಟಿದ್ದಾರೆ? ಗೋಣನ್ನು ಜೋರಾಗಿ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳ ಒಳಗೇ ಹರಿದು ಲಕ್ವ ಹೊಡೆದದ್ದು ವರದಿಯಾಗಿದೆ. ಅಪರೂಪ, ಒಪ್ಪುತ್ತೇನೆ. ಅಪರೂಪ ಅಂತಲೇ ಅಲ್ವಾ ಮೊದಲು ಕೇಳಿ ತಿಳಿದುಕೊಳ್ಳಬೇಕಾದ್ದು! ನಮ್ಮ ದೇಶದಲ್ಲಿ ಇದಕ್ಕೆ ಬೇರೆ ಕೌನ್ಸಿಲ್ ಕೂಡ ಇಲ್ಲ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಅಂತ ನಾವೇ ಬಾಯಿ ಬಿಟ್ಟು ಕೇಳಬೇಕು.

ಒಂದು ಮಾತು ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ನಿದ್ದೆ ಬರಲ್ಲ. ಆ ಶಿಬಿರದ ವಿಡಿಯೋ ಕಾಕಾನ ಮೊಬೈಲಿಗೆ ಕಳಿಸಿದ್ದು ನಾನೇ. ಟೋಕನ್ ತೆಗೆಸಿದ್ದೂ ನಾನೇ. ಬೆಂಗಳೂರಿನಲ್ಲಿ ನನ್ನನ್ನು ಅಷ್ಟು ಕೇಳಿದ್ದು ನೆನಪಿದ್ದೂ, ಇವರು ಏನು ಕೇಳುತ್ತಾರೆ ಅಂತ ವಿಚಾರಿಸದೆ ಕಾಕಾನನ್ನು ಕರಕೊಂಡು ಹೋದೆ.

ಇವತ್ತು ಬೆಳಿಗ್ಗೆ ಎಲುಬಿನ ಡಾಕ್ಟರ ಹತ್ತಿರ ಹೋದೆವು. ಅವರು ಕಾಕಾನನ್ನು ಕೂಡಿಸಿ, ಚಪ್ಪಲಿ ಬಿಡಿಸಿ, ಕಾಲಿನ ಹೆಬ್ಬೆರಳು ಮೇಲೆ ಎತ್ತಲು ಹೇಳಿದರು. ಎಡಗಾಲಿನದು ಎದ್ದಿತು. ಬಲಗಾಲಿನದು ಸ್ವಲ್ಪ ಅಲುಗಿತು, ಅಷ್ಟೇ. ಕಾಕಾ ಹಲ್ಲು ಕಚ್ಚಿ ಮತ್ತೆ ಎತ್ತಿದರು. ಡಾಕ್ಟರು ಒಂದು ಬೆರಳಿನಿಂದ ಒತ್ತಿದ ಕೂಡಲೇ ಕೆಳಗೆ ಹೋಯಿತು. ಕಾಕಾ ಬಹಳ ಹೊತ್ತು ಆ ಬೆರಳನ್ನೇ ನೋಡುತ್ತಾ ಕೂತರು. "ಇದು ಯಾವಾಗಿಂದ ಹಿಂಗಾಗ್ಯದ ತಮ್ಮಾ?" ಅಂತ ನನ್ನನ್ನು ಕೇಳಿದರು.

ನಾಳೆ ಹತ್ತಕ್ಕೆ ಎಂಆರ್‌ಐ ಇದೆ. ನಿನ್ನೆ ಹಸಿರು ಸೀರೆಯ ಆ ಅಜ್ಜಿಯನ್ನು ಕರಕೊಂಡು ಬಂದವರು ಇದನ್ನು ಓದುತ್ತಿದ್ದರೆ, ಅವರನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿರಿ.