ಹೊಗೆ ಮಷಿನ್ ಬಂತು, ದಾರಿ ಬಿಡಿ

ಮೊನ್ನೆ ಸಂಜೆ ನಮ್ಮ ಬೀದಿಗೂ ಡೆಂಗಿ ಸೊಳ್ಳೆ ಕೊಲ್ಲುವ ಹೊಗೆ ಮಷಿನ್ ಬಂತು. ಥೇಟ್ ಉತ್ಸವಮೂರ್ತಿ ಬಂದ ಹಾಗೆ. ಮಕ್ಕಳು ಹಿಂದೆ ಓಡಿದವು, ಹಿರಿಯರು ಗೇಟಿಗೆ ಬಂದು ನಿಂತರು. ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿರುವ ಒಬ್ಬರು ಹೊಗೆಯ ನಡುವೆ ಫೋಟೋ ಹೊಡೆಸಿಕೊಂಡರು. ಫೋಟೋದಲ್ಲಿ ಅವರೇ ಕಾಣಲಿಲ್ಲ, ಅದು ಬೇರೆ ಮಾತು.

ಹೊಗೆಗೆ ಸಾಯುವುದು ಹಾರುವ ಸೊಳ್ಳೆ. ನೀರಿನ ಡ್ರಮ್ಮಿನೊಳಗಿನ ಮರಿಗಳಿಗೆ ಅದು ತಟ್ಟುವುದೇ ಇಲ್ಲ. ವಾರ, ಹತ್ತು ದಿನದಲ್ಲಿ ಅವೂ ದೊಡ್ಡವಾಗಿ ಹೊರಬರುತ್ತವೆ.

ಅದೇ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಅವರಿಗೆ ಗೇಟು ತೆಗೆಯಲು ಜನ ಇರಲಿಲ್ಲ.

"ಡ್ರಮ್ ಸ್ವಲ್ಪ ನೋಡ್ತೀನಿ ಆಂಟಿ."

"ನಮ್ಮನೇಲಿ ಎಲ್ಲಾ ಕ್ಲೀನು ಕಣಮ್ಮ. ಹೋಗಿ ಆ ಮೋರಿ ನೋಡು."

ಪಾಪ ಮೋರಿ! ಡೆಂಗಿ ಸೊಳ್ಳೆ ಮಡಿವಂತ. ಅದಕ್ಕೆ ತಿಳಿನೀರೇ ಆಗಬೇಕು: ಸಂಪು, ಫ್ರಿಡ್ಜಿನ ಹಿಂದಿನ ತಟ್ಟೆ, ಎಳನೀರಿನ ಬುರುಡೆ. ಕಚ್ಚುವುದೂ ಹಗಲು ಹೊತ್ತು. ನಾವು ರಾತ್ರಿ ಸೊಳ್ಳೆಪರದೆ ಕಟ್ಟಿ ಗೆದ್ದೆವು ಅಂದುಕೊಳ್ಳುತ್ತೇವೆ. 2024ರಲ್ಲಿ ಸರ್ಕಾರ ಸೊಳ್ಳೆ ಸಾಕುವ ಮನೆಗೆ ದಂಡ ಹಾಕಿತ್ತು, ನೆನಪಿದೆಯಲ್ವಾ? ಪೇಟೆಯಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಹಳ್ಳಿ ಸೊಳ್ಳೆಗೆ ಅರ್ಧ ಟಿಕೆಟ್. ಹಾಗಂತ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಬೀದಿಯಲ್ಲಿ "ಡ್ರಮ್ ಚೆಲ್ಲಿ, ಒಳಗೆ ಉಜ್ಜಿ" ಅಂದರೆ ಯಾರು ಚೆಲ್ಲುತ್ತಾರೆ, ಹೇಳಿ.

ನಮ್ಮ ಬೀದಿಯಲ್ಲಿರುವುದು ಒಂದೇ ಪರಂಗಿ ಮರ. ಮಳೆಗಾಲ ಶುರುವಾದರೆ ಅದರ ತಲೆ ಬೋಳು. ಎಲೆ ರಸ ಕುಡಿದರೆ ಬಿಳಿ ರಕ್ತಕಣ ಏರುತ್ತದಂತೆ. ಅವರು ಹೇಳಬೇಕಾದ್ದು ಪ್ಲೇಟ್‌ಲೆಟ್ ಸ್ವಾಮಿ, ರಕ್ತ ಹೆಪ್ಪುಗಟ್ಟಿಸುವ ಕಣ; ಬಿಳಿ ರಕ್ತಕಣ ಬೇರೆ. ಯಾರು ಕೇಳುತ್ತಾರೆ? ಮರದ ಯಜಮಾನರು ಈ ಸಲ ಬುಡಕ್ಕೆ ಮುಳ್ಳು ಸುತ್ತಿದ್ದಾರೆ. ಕಿವಿ ಹಣ್ಣೂ ಪ್ಲೇಟ್‌ಲೆಟ್ ಏರಿಸುತ್ತದೆ ಅನ್ನುವ ಜನ ಇದ್ದಾರಲ್ಲ, ಅದರ ಅಂಗಡಿಯವನು ಮಾತ್ರ ವಾರಕ್ಕೊಮ್ಮೆ ನನ್ನ ಆರೋಗ್ಯ ವಿಚಾರಿಸುತ್ತಾನೆ.

ಇಷ್ಟರಲ್ಲಿ ಪಕ್ಕದ ಮನೆ ಹುಡುಗನಿಗೆ ಜ್ವರ. ನೆಂಟರೆಲ್ಲ ಫೋನಿನಲ್ಲಿ "ಇವತ್ತು ಎಷ್ಟು?" ಅಂತ ಅಡಿಕೆ ಧಾರಣೆ ಕೇಳಿದ ಹಾಗೆ ಪ್ಲೇಟ್‌ಲೆಟ್ ಕೇಳಿದರು. ನಾಲ್ಕನೇ ದಿನ ಜ್ವರ ಬಿಟ್ಟಿತು. ಎಲೆ ರಸಕ್ಕೆ ಜೈ ಅಂದರು. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೇ ಅಪಾಯ ಜಾಸ್ತಿ. ಹುಡುಗ ಹೊಟ್ಟೆನೋವು ಅಂತ ಹೊರಳಾಡುತ್ತಿದ್ದ, ವಾಂತಿ ನಿಲ್ಲುತ್ತಿರಲಿಲ್ಲ. "ರಸ ಕಹಿ ಅಲ್ವಾ, ಅದಕ್ಕೇ" ಅಂದರು. ಆಸ್ಪತ್ರೆಗೆ ಸೇರಿಸಿದ್ದು ಮಾರನೇ ದಿನ. ಉಳಿದುಕೊಂಡ. ಆ ಒಂದು ದಿನ ನೆನೆಸಿಕೊಂಡರೆ ನನಗೆ ತಮಾಷೆಯೂ ಬರುವುದಿಲ್ಲ, ಬೈಯಲೂ ಸುಸ್ತು.

ಅವನು ಮನೆಗೆ ಬಂದ ದಿನ ಹಣ್ಣು ಹಿಡಿದು ಹೋಗಿದ್ದೆ. ಬಚ್ಚಲ ಪಕ್ಕದ ನೀಲಿ ಡ್ರಮ್ಮಿಗೆ ಮುಚ್ಚಳ ಇನ್ನೂ ಬಂದಿಲ್ಲ. "ಮತ್ತೆ ಹೊಗೆ ಯಾವಾಗ ಹೊಡೀತಾರಂತೆ?" ಅಂತ ಅವರಮ್ಮ ಕೇಳಿದರು.