ಬುಕಿತ್ ಲಾವಾಂಗ್‌ನ ಒರಾಂಗುಟಾನ್ ಕೇಂದ್ರವನ್ನು ಅಲ್ಲಿಂದ ಎತ್ತಿದ್ದು ಸರಿಯೇ?

ಇಂಡೋನೇಷ್ಯಾದ ಉತ್ತರ ಸುಮಾತ್ರಾದ ಬುಕಿತ್ ಲಾವಾಂಗ್ ಹೊಳೆದಂಡೆಯ ಊರು. ಆಚೆ ದಡದಿಂದಲೇ ಗುನುಂಗ್ ಲ್ಯೂಸರ್ ಕಾಡು ಶುರು. ಮನೆಗಳಲ್ಲಿ ಕಟ್ಟಿಹಾಕಿದ್ದ ಒರಾಂಗುಟಾನ್ ಮರಿಗಳನ್ನು ಬಿಡಿಸಿ ತಂದು ಕಾಡಿಗೆ ಬಿಡಲು, 1973ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ಮಹಿಳೆಯರು ಇಲ್ಲಿ ಪುನರ್ವಸತಿ ಕೇಂದ್ರ ತೆರೆದರು. 1990ರ ದಶಕದಲ್ಲಿ ಹೊಸ ಪ್ರಾಣಿಗಳನ್ನು ತರುವುದು ನಿಂತಿತು. 2002ರಲ್ಲಿ ಮೇದಾನ್ ನಗರದ ಹತ್ತಿರದ ಬಾತು ಎಂಬೆಲಿನ್‌ನಲ್ಲಿ ಬೇರೆ ಕೇಂದ್ರ ಬಂತು, ಪುನರ್ವಸತಿಯ ಕೆಲಸ ಅಲ್ಲಿಗೆ ಹೋಯಿತು.

ಪರ

ಕೇಂದ್ರದಲ್ಲಿ ಕೊಡುತ್ತಿದ್ದದ್ದು ಬಾಳೆಹಣ್ಣು, ಹಾಲು. ದಿನವೂ ಅದೇ. ಬೇಕಂತಲೇ ಹಾಗೆ! ತಿಂದು ತಿಂದು ಬೇಜಾರಾದರೆ ತಾವೇ ಕಾಡಿನ ಹಣ್ಣು ಹುಡುಕಲಿ ಅನ್ನುವ ಲೆಕ್ಕ. ಒಳ್ಳೆಯ ಉಪಾಯವೇ. ಆದರೆ ಹಣ್ಣು ಕೊಡುವ ಅಟ್ಟಣೆಯ ಮುಂದೆ ಪ್ರವಾಸಿಗರು ಸೇರಿದ ಮೇಲೆ ಅದು ಪಾಠ ಹೋಗಿ ಆಟ ಆಯಿತು. ತಾಯಿಯ ಜೊತೆ ಏಳೆಂಟು ವರ್ಷ ಇದ್ದು ಕಲಿಯಬೇಕಾದ ಮರಿ, ಯಾವ ಹಣ್ಣು ಯಾವಾಗ ಮಾಗುತ್ತದೆ ಅನ್ನುವ ಬದಲು ಯಾರ ಬ್ಯಾಗಿನಲ್ಲಿ ತಿಂಡಿ ಇದೆ ಅಂತ ಕಲಿತರೆ ಹೇಗೆ?

ಇನ್ನೊಂದು ಮಾತು, ಕಾಯಿಲೆ. ನಮ್ಮ ನೆಗಡಿ, ಕ್ಷಯ ಅವಕ್ಕೂ ಅಂಟುತ್ತವೆ. ಮನೆಯಲ್ಲಿ ಬೆಳೆದ ಪ್ರಾಣಿಯನ್ನು ಕಾಡಿನವುಗಳ ನಡುವೆ ಬಿಟ್ಟರೆ ಅವಕ್ಕೂ ಅಪಾಯ. ಹಾಗೆ ಬಿಡಕೂಡದು ಅಂತ 1995ರಲ್ಲಿ ಇಂಡೋನೇಷ್ಯಾ ಸರ್ಕಾರವೇ ನಿಯಮ ಮಾಡಿತು. ಹೊಸ ಕೇಂದ್ರದಲ್ಲಿ ಮೊದಲು ಕ್ವಾರಂಟೈನ್, ತಪಾಸಣೆ. ಆಮೇಲೆ ಒರಾಂಗುಟಾನ್‌ಗಳು ಎಂದೋ ಅಳಿದುಹೋಗಿದ್ದ ಸುಮಾತ್ರಾದ ಜಾಂಬಿ ಪ್ರಾಂತ್ಯದ ಕಾಡಿಗೆ, 2011ರಿಂದ ಅಚೆ ಪ್ರಾಂತ್ಯದ ಜಾಂತೊ ಕಾಡಿಗೂ ಬಿಡುಗಡೆ. ಅದೇ ಹಳೇ ಜಾಗ ಸುಧಾರಿಸಿದ್ದರೆ ಸಾಕಿತ್ತು ಅನ್ನುವವರು ಇದನ್ನು ಅಲ್ಲಿ ಮಾಡಿ ತೋರಿಸಲು ಆಗುತ್ತಿರಲಿಲ್ಲ.

ವಿರೋಧ

ಕಾಯಿಲೆಯ ಮಾತು ಒಪ್ಪಿದೆ. ಆದರೆ ಎತ್ತಿದ್ದು ಏನನ್ನು? ಮೊದಲೇ ಬಿಟ್ಟಿದ್ದ ಪ್ರಾಣಿಗಳು ಅಲ್ಲೇ ಉಳಿದವು, ಮರಿ ಹಾಕಿದವು. ಪ್ರವಾಸಿಗರೂ ಉಳಿದರು. ಹೋದದ್ದು ಅವೆರಡರ ನಡುವೆ ನಿಂತು ಕಾಯುವ ಜನ.

ಈಗ ಆ ಕಾಡಿನ ದಾರಿಯಲ್ಲಿ ನಡೆಯುವುದು ಇಷ್ಟೇ. ಗೈಡ್ ಬಾಳೆಹಣ್ಣು ಹಿಡಿದು ಕೂಗುತ್ತಾನೆ, ಹೆಣ್ಣು ಒರಾಂಗುಟಾನ್ ಮರಿಯನ್ನು ಅವುಚಿಕೊಂಡು ಕೆಳಗಿಳಿಯುತ್ತದೆ, ಮೊಬೈಲ್‌ಗಳು ಮೇಲೇಳುತ್ತವೆ. ಆ ಮರಿ ಹುಟ್ಟಿದ್ದು ಕಾಡಿನಲ್ಲೇ. ಆದರೂ ಬಾಳೆಹಣ್ಣಿನ ಪಾಠ ಅದಕ್ಕೂ ಆಯಿತು! ಗೈಡ್‌ಗಳನ್ನು ಸುಮ್ನೆ ಬೈದರೆ ಏನು ಬಂತು? 2003ರ ನವೆಂಬರ್‌ನಲ್ಲಿ ಹೊಳೆ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಯಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಮತ್ತೆ ಎದ್ದು ನಿಂತದ್ದು ಇದೇ ಪ್ರವಾಸಿಗರ ದುಡ್ಡಿನಲ್ಲಿ. ಕಾಡು ನಿಂತಿದ್ದರೆ ಸಂಪಾದನೆ ಅಂತ ಗೊತ್ತಿರುವ ಊರದು. ಅಂಥ ಊರುಗಳು ತಾಳೆ ಎಣ್ಣೆ ತೋಟಗಳ ನಡುವೆ ಎಷ್ಟಿವೆ?

ಹೊಸ ಕೇಂದ್ರ ಬೇಡ ಅನ್ನುತ್ತಿಲ್ಲ. ಅದರ ಜೊತೆಗೆ ಹಳೇ ಜಾಗದಲ್ಲೂ ಒಬ್ಬ ವೈದ್ಯ, ನಾಲ್ಕು ಜನ ಕಾವಲುಗಾರರು, ಹಣ್ಣು ತೋರಿಸಿದ ಗೈಡ್‌ನ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇರಬೇಕಿತ್ತು. ಅಷ್ಟೂ ಇಲ್ಲದೆ ಹೊರಟದ್ದಕ್ಕೆ ನನ್ನ ತಕರಾರು.